ಶೇಷಗಿರಿಯ ಕಣ್ಣೀರು

ಜರ್ಸಿ ಸಿಟಿ
ಸೆಪ್ಟೆಂಬರ್ ೧೪, ೨೦೨೪

ನಿರುಪಮಾ ಅವರಿಗೆ,

‘ಆಂಟಿ’ ಎಂದು ಬರೆಯಲು ಹೋದೆ, ಕೈ ಓಡಲಿಲ್ಲ. ನೀವು ವಾಟ್ಸ್‌ಆಪ್‌ನಲ್ಲಿ ನನ್ನನ್ನು ಬ್ಲಾಕ್ ಮಾಡಿ ಎರಡು ವರ್ಷವಾಗುತ್ತ ಬಂತು. ಇಮೇಲ್‌ಗೆ ಉತ್ತರವಿಲ್ಲ. ಯಾರು ಏನು ಹಾಕಿದರೂ ಒಳಗೆ ಬಿಟ್ಟುಕೊಳ್ಳುವುದು ನಿಮ್ಮ ಮನೆಯ ಮೇಲ್‌ಬಾಕ್ಸ್ ಒಂದೇ. ಅದಕ್ಕೇ ಕಾಗದ.

ಕಳೆದ ವಾರ ಹಿಕ್ಸ್‌ವಿಲ್‌ನಲ್ಲಿ ರಾಗಿ ಹಿಟ್ಟು ಕೊಳ್ಳಲು ಹೋದ ಅಂಗಡಿಯಲ್ಲಿ ನಿಮ್ಮ ಭಾನುವಾರದ ಓದುಗರ ಕೂಟದ ಸುಪ್ರಿಯಾ ಸಿಕ್ಕರು. ಮೊದಲು ಒಂದು ಕರಪತ್ರ ಕೊಟ್ಟರು. ‘ಹಿತ್ತಿಲ ಕದ’ ಕಾದಂಬರಿಯ ಇಂಗ್ಲಿಷ್ ಅನುವಾದದ ಬಿಡುಗಡೆ, ಪ್ರಿನ್ಸ್‌ಟನ್‌ನಲ್ಲಿ, ಅನುವಾದಕರು ನೀವು. ಆಮೇಲೆ ನನ್ನ ಕೈ ಹಿಡಿದುಕೊಂಡು ಕೇಳಿದರು: “ಅಲ್ಲ ಗಗನಾ, ನಚಿಕೇತನ್ನ ಯಾಕೆ ಹಾಗೆ ನಡುನೀರಲ್ಲಿ ಬಿಟ್ಟೆ? ಎಷ್ಟು ಕುಗ್ಗಿಹೋಗಿದ್ದ ಗೊತ್ತಾ ಆ ಹುಡುಗ? ಶಿವಪ್ರಸಾದ್ ಅನ್ನೋರ ಜೊತೆ ನಿನ್ನ ಮದುವೆ ಆಯ್ತಂತಲ್ಲ?”

ಶಿವಪ್ರಸಾದ್ ನನ್ನ ಚಿಕ್ಕಪ್ಪನ ಮಗ. ನನ್ನ ತಮ್ಮ. ಹೊಸದಾಗಿ ಕೆಲಸಕ್ಕೆ ಬಂದಾಗ ಮನೆ ಸಿಗುವವರೆಗೆ ನನ್ನ ಅಪಾರ್ಟ್‌ಮೆಂಟಿನಲ್ಲಿದ್ದ. ನೀವೇ ಅವನಿಗೆ ಚಳಿಗಾಲದ ಕೋಟು ಕೊಟ್ಟಿದ್ದಿರಿ.

ರಾಗಿ ಹಿಟ್ಟಿನ ಚೀಲ ಹಿಡಿದು ನಿಂತಲ್ಲೇ ನನಗೆ ಎಲ್ಲ ತಿಳಿಯಿತು. ನನಗೆ ಒಂದು ಹೇಳಿದಿರಿ, ನಿಮ್ಮ ಮಗ ನಚಿಕೇತನಿಗೆ ಇನ್ನೊಂದು ಹೇಳಿದಿರಿ. ಇಬ್ಬರನ್ನೂ ಎರಡು ದಿಕ್ಕಿಗೆ ಕಳಿಸಿದಿರಿ.

ನನಗೆ ಹೇಳಿದ್ದನ್ನು ನೀವು ಮರೆತಿರಬಹುದು. ನಾನು ಮರೆತಿಲ್ಲ. ನಾನೂ ನಚಿಕೇತನೂ ಮದುವೆಯಾಗುವುದೆಂದು ಮಾತಾಡಿಕೊಂಡ ಮೇಲೆ, ನೀವು ನನ್ನೊಬ್ಬಳನ್ನೇ ಊಟಕ್ಕೆ ಕರೆದಿರಿ. ಬಿಸಿಬೇಳೆಬಾತ್ ಮಾಡಿದ್ದಿರಿ. ಡಿಶ್‌ವಾಷರ್ ಕೆಟ್ಟಿದೆ ಎಂದು ನನಗೆ ಪೇಪರ್ ಪ್ಲೇಟಿನಲ್ಲಿ ಬಡಿಸಿದಿರಿ. ಮೈಸೂರು ರೇಷ್ಮೆ ಸೀರೆಯೊಂದನ್ನು ನನ್ನ ತೊಡೆಯ ಮೇಲಿಟ್ಟು, ತಲೆ ಸವರಿ, ಹೇಳಿದಿರಿ: “ನೀನು ನನ್ನ ಮಗಳಿದ್ದ ಹಾಗೆ ಕಣೇ. ಅದಕ್ಕೇ ಹೇಳ್ತಿದೀನಿ. ನಮಗೇನೂ ಇಲ್ಲಪ್ಪ, ನಾವು ಅಂಥವರಲ್ಲ. ಆದ್ರೆ ನಾಳೆ ನಿನ್ನ ಅಪ್ಪ ಅಮ್ಮ ಈ ಮನೆಗೆ ಬಂದ್ರೆ ಅವರಿಗೇ ಮುಜುಗರ ಆಗತ್ತೆ. ಅವರಿಗೆ ಯಾಕೆ ಆ ಕಷ್ಟ? ನಚ್ಚಿಗೂ ಅದೇ ಅನ್ನಿಸಿದೆ. ಹೇಳಕ್ಕೆ ಆಗದೆ ಒದ್ದಾಡ್ತಿದಾನೆ.”

ನಾನು ನಂಬಿದೆ. ಅವನ ಫೋನೂ ನಿಂತಿತು. ಅವನು ಬಾಸ್ಟನ್‌ಗೆ ಹೋದ.

ಈಗ ನೀವು ಅನುವಾದಿಸಿದ ಕಾದಂಬರಿಗೆ ಬರೋಣ. ಅದರಲ್ಲಿ ಚಿಕ್ಕಸಿದ್ದಿ ಎಂಬ ಹುಡುಗಿ ದೊಡ್ಡಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾಳೆ. ಹಿತ್ತಿಲ ಕದದಿಂದ ಒಳಗೆ ಅವಳಿಗೆ ಪ್ರವೇಶವಿಲ್ಲ. ಮೈಸೂರಿನ ಕಾಲೇಜಿನಿಂದ ರಜೆಗೆ ಬಂದ ಮನೆಯ ಮಗ ಶೇಷಗಿರಿ ಅವಳಿಗೆ ಅಕ್ಷರ ಕಲಿಸುತ್ತಾನೆ, ಪ್ರೀತಿಸುತ್ತಾನೆ. ತಾಯಿ ರಂಗನಾಯಕಮ್ಮ ಬೈಯುವುದಿಲ್ಲ, ಹೊಡೆಯುವುದಿಲ್ಲ. ಹಿತ್ತಿಲಲ್ಲಿ ಎಲೆ ಹಾಕಿ ಹೊಟ್ಟೆ ತುಂಬ ಬಡಿಸುತ್ತಾಳೆ, ಹೊಸ ಸೀರೆ ಕೊಡುತ್ತಾಳೆ, “ನೀನು ಒಳಗೆ ಬಂದರೆ ನಮಗೇನೂ ಇಲ್ಲ ಕಣೇ, ನಿನಗೇ ಪಾಪ ಸುತ್ತಿಕೊಂಡೀತು” ಎನ್ನುತ್ತಾಳೆ. ಹುಡುಗಿ ಕಾಫಿ ತೋಟದ ಗಾಡಿ ಹತ್ತುತ್ತಾಳೆ.

ಆ ಹುಡುಗಿಯ ಮಾತು ನಿಮಗೆ ಅರ್ಥವಾಗುತ್ತಿರಲಿಲ್ಲ. ನರಸೀಪುರದ ಕಡೆಯ ನಮ್ಮಜ್ಜಿ ಆಡುತ್ತಿದ್ದ ಮಾತು ಅದು. ಒಂದಿಡೀ ಬೇಸಿಗೆ ನಿಮ್ಮ ಅಡುಗೆಮನೆಯಲ್ಲಿ ಕೂತು ಬಿಡಿಸಿ ಹೇಳಿದೆ. ಅಲ್ಲೇ ನಚಿಕೇತನ ಪರಿಚಯವಾದದ್ದು.

ಕರಪತ್ರದಲ್ಲಿ ನಿಮ್ಮ ಮುನ್ನುಡಿಯ ಸಾಲು ಹಾಕಿದ್ದಾರೆ: ‘ಮುಗಿದುಹೋದ ಒಂದು ಕಾಲದ ನಿರ್ದಯ ಕನ್ನಡಿ.’ ಆ ಕಾಲ ಮುಗಿದುಹೋದದ್ದು ಯಾವಾಗ ಎಂದು ಕೇಳಲು ನಾನು ಸಭೆಗೆ ಬರುತ್ತೇನೆ.

ಗಗನಾ

*

ಪ್ರಿನ್ಸ್‌ಟನ್
ಸೆಪ್ಟೆಂಬರ್ ೨೨, ೨೦೨೪

ಪ್ರೀತಿಯ ಗಗನಾ,

ನಿನ್ನ ಕಾಗದ ತಲುಪಿತು. ಸಿಟ್ಟಿನಲ್ಲಿ ಬರೆದಿದ್ದೀಯೆ. ಆದರೂ ನಿನ್ನ ಕನ್ನಡ ಎಷ್ಟು ಚೆನ್ನಾಗಿದೆ ಎಂದು ಓದುತ್ತಲೇ ಅನ್ನಿಸಿತು. ಇದನ್ನು ಹೇಳಿದರೂ ನಿನಗೆ ಕೋಪ ಬರಬಹುದು.

ನೀನು ಒಂದು ಕಾದಂಬರಿಯನ್ನು ತಂದು ನಮ್ಮ ಊಟದ ಮೇಜಿನ ಮೇಲೆ ಇಟ್ಟಿದ್ದೀಯೆ. ಇದು ಅನ್ಯಾಯ. ಆ ಪುಸ್ತಕ ಬಂದಾಗ ಬಾವಿಗೆ ಇಳಿದವರನ್ನು ಕಟ್ಟಿ ಹೊಡೆಯುತ್ತಿದ್ದರು, ಎಳೆಯ ವಿಧವೆಯರ ತಲೆ ಬೋಳಿಸುತ್ತಿದ್ದರು. ಶಾಲೆಯಲ್ಲಿ ಮಕ್ಕಳನ್ನು ಜಗಲಿಯ ಹೊರಗೆ ಕೂರಿಸುತ್ತಿದ್ದರು. ಅದನ್ನೆಲ್ಲ ಮೊದಲ ಬಾರಿಗೆ ಹೆಸರಿಟ್ಟು ಬರೆದ ಧೈರ್ಯ ಆ ಲೇಖಕರದು. ಅವರ ಊರಿನವರು ಅವರ ಮನೆಗೆ ಹೋಗುವುದನ್ನೇ ಬಿಟ್ಟರು. ನಾನು ಹತ್ತು ವರ್ಷ ಆ ಪುಸ್ತಕದ ಜೊತೆ ಬದುಕಿದ್ದೇನೆ. ನಮ್ಮ ನಿಮ್ಮ ನಡುವೆ ಆದದ್ದನ್ನು ಅದಕ್ಕೆ ಹೋಲಿಸಿದರೆ ಅಂದು ನಿಜವಾಗಿ ಏಟು ತಿಂದವರಿಗೆ ಅವಮಾನ ಮಾಡಿದ ಹಾಗೆ.

ಮಗನಿಗೆ ಸುಳ್ಳು ಹೇಳಿದೆ ಎಂದಿದ್ದೀಯೆ. ಆ ಸುಳ್ಳು ಯಾರದೇ ಇರಲಿ, ನನ್ನದೆಂದೇ ಇಟ್ಟುಕೊ. ನನಗೆ ಅದರಿಂದ ತೊಂದರೆಯಿಲ್ಲ.

ಸಭೆಗೆ ನೀನು ಬರಬಾರದೆಂದು ನಾನು ಹೇಳಲಾರೆ. ಬದಲಿಗೆ ಇದನ್ನು ಕೇಳುತ್ತೇನೆ: ವೇದಿಕೆಯ ಮೇಲೆ ಬಾ. ಚಿಕ್ಕಸಿದ್ದಿಯ ಮಾತುಗಳನ್ನು ಮೂಲದಲ್ಲಿ ನೀನು ಓದು, ಇಂಗ್ಲಿಷಿನಲ್ಲಿ ನಾನು ಓದುತ್ತೇನೆ. ನಿನ್ನ ಹೆಸರು ಆಹ್ವಾನದಲ್ಲಿ ಬರುತ್ತದೆ. ಕೃತಜ್ಞತೆಯ ಪುಟದಲ್ಲಿ ಈಗಾಗಲೇ ಇದೆ. ನಮ್ಮಿಬ್ಬರ ಮಾತು ಮಾತ್ರ ನಮ್ಮಲ್ಲೇ ಇರಲಿ. ನಚಿಕೇತನೂ ಅಂದು ಬರುತ್ತಿದ್ದಾನೆ. ಅವನನ್ನು ನೋಯಿಸಬೇಡ.

ನಿನ್ನ ಒಳಿತನ್ನೇ ಬಯಸುವ,
ನಿರುಪಮಾ ಆಂಟಿ

*

ಜರ್ಸಿ ಸಿಟಿ
ಸೆಪ್ಟೆಂಬರ್ ೩೦, ೨೦೨೪

ನಿರುಪಮಾ ಅವರಿಗೆ,

ಓದುತ್ತೇನೆ. ಆಹ್ವಾನದಲ್ಲಿ ಹೆಸರು ‘ಗಗನಾ ಬೋರಲಿಂಗಯ್ಯ’ ಎಂದಿರಲಿ. ಅಪ್ಪನ ಹೆಸರು ಬಿಡಬೇಡಿ.

ಗಗನಾ

*

ಜರ್ಸಿ ಸಿಟಿ
ಅಕ್ಟೋಬರ್ ೨೩, ೨೦೨೪

ನಿರುಪಮಾ ಅವರಿಗೆ,

ಶನಿವಾರ ನೀವು ತಲೆ ತಗ್ಗಿಸಿ ಕೂತಿದ್ದಿರಿ. ಸಭೆಯನ್ನು ನೋಡಿರಲಾರಿರಿ. ನಾನು ನೋಡಿದ್ದನ್ನು ಹೇಳುತ್ತೇನೆ, ನಿಮಗೆ ಏನೂ ತಪ್ಪಿಹೋಗಬಾರದು.

ನಾನು ಹಿತ್ತಿಲಿನ ಊಟದ ಭಾಗ ಓದಿದಾಗ ಮುಂದಿನ ಸಾಲಿನಲ್ಲಿ ಹೆಂಗಸರು ಕಣ್ಣೊರೆಸಿಕೊಂಡರು. ಅಧ್ಯಕ್ಷತೆ ವಹಿಸಿದ್ದ ಪ್ರೊಫೆಸರ್ ಗುರುರಾಜ ಅವರು, “ಎಂಥ ಕಾಲ ಅದು! ಪುಣ್ಯಕ್ಕೆ ನಾವು ಅದನ್ನು ದಾಟಿ ಬಂದಿದ್ದೇವೆ” ಎಂದರು. ನೀವು ಮೈಕನ್ನು ನಿಮ್ಮ ಕಡೆ ಎಳೆದುಕೊಳ್ಳಲು ಕೈ ಚಾಚಿದಿರಿ. ನಾನು ಕೊಡಲಿಲ್ಲ.

“ಇನ್ನೊಂದು ಊಟದ ಕಥೆ ಹೇಳ್ತೀನಿ. ಇದು ಇದೇ ಊರಲ್ಲಿ ನಡೆದದ್ದು” ಎಂದೆ. ನಿಮ್ಮ ಮಾತುಗಳನ್ನು, ನಿಮ್ಮದೇ ಧ್ವನಿಯಲ್ಲಿ, ಒಂದೊಂದಾಗಿ ಹೇಳಿದೆ. ನಾವು ಅಂಥವರಲ್ಲ, ಅವರಿಗೇ ಮುಜುಗರ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಎಲ್ಲರೂ ನಿಮ್ಮನ್ನೇ ನೋಡುತ್ತಿದ್ದರು. ಯಾರೋ ಒಬ್ಬರು ಕೆಮ್ಮಿದರು. ನಿಮ್ಮ ಯಜಮಾನರು, ದಿವಾಕರ ಅಂಕಲ್, ಎದ್ದು ಹೊರಗೆ ಹೋದರು.

ಆಗ ನಚಿಕೇತ ಎದ್ದು ನಿಂತ. “ಅಮ್ಮಾ, ಇಸ್ ದಿಸ್ ಟ್ರೂ?” ಎಂದ. ಮತ್ತೆ, ಇನ್ನೂ ಗಟ್ಟಿಯಾಗಿ: “ನೀನು ಹೀಗೆ ಹೇಳಿದೆಯಾ ಅವಳಿಗೆ? ಐ ಆ್ಯಮ್ ಅಶೇಮ್ಡ್ ಆಫ್ ಯೂ!” ಅವನ ಕಣ್ಣಿನಲ್ಲಿ ನೀರು. ಹಿಂದಿನ ಸಾಲಿನ ಹುಡುಗರು ಚಪ್ಪಾಳೆ ತಟ್ಟಿದರು. ಆಮೇಲೆ ಇಡೀ ಸಭಾಂಗಣ ತಟ್ಟಿತು. ನೀವು ಬಾಯಿ ತೆರೆದಿರಿ, ಅವನ ಮುಖ ನೋಡಿದಿರಿ, ಮುಚ್ಚಿಕೊಂಡಿರಿ.

ಆ ಚಪ್ಪಾಳೆ ನಿಮ್ಮ ಕಿವಿಯಲ್ಲಿ ಎಷ್ಟು ಕಾಲ ಇರುತ್ತದೋ ಅಷ್ಟು ಕಾಲ ನಾನು ನೆಮ್ಮದಿಯಾಗಿರುತ್ತೇನೆ. ಮನೆಗೆ ಬರುವಾಗ ಟ್ರೈನಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಯಾರೋ ವಿಡಿಯೊ ಮಾಡಿದ್ದಾರೆ. ನಿಮ್ಮ ಓದುಗರ ಕೂಟದ ಗುಂಪಿನಲ್ಲೂ ಬಂದಿರಬೇಕು.

ಗಗನಾ

*

ಜರ್ಸಿ ಸಿಟಿ
ನವೆಂಬರ್ ೨೪, ೨೦೨೪

ನಿರುಪಮಾ ಅವರಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ. ಬರುವುದೆಂದು ಕಾದೂ ಇರಲಿಲ್ಲ. ಆದರೂ ಒಂದು ಸುದ್ದಿಯನ್ನು ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ನಿಮಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನಚಿಕೇತ ಪ್ರತಿ ವಾರ ಬಾಸ್ಟನ್‌ನಿಂದ ಡ್ರೈವ್ ಮಾಡಿಕೊಂಡು ಬರುತ್ತಿದ್ದಾನೆ. ಅಂದು ಪಾರ್ಕಿಂಗ್ ಲಾಟಿನಲ್ಲೇ ನನ್ನ ಕೈ ಹಿಡಿದು, “ನನಗೆ ಗೊತ್ತೇ ಇರಲಿಲ್ಲ” ಎಂದು ಅತ್ತ. ಮತ್ತೆ ಮದುವೆಯ ಮಾತೆತ್ತಿದ್ದಾನೆ. ನಾನು ಇನ್ನೂ ಹೂಂ ಎಂದಿಲ್ಲ, ಉಹೂಂ ಎಂದೂ ಇಲ್ಲ. ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. ಹಿಂದಿನ ಸಲ ಬಳಗಕ್ಕೆಲ್ಲ ಹೇಳಿಕೊಂಡು ಆಮೇಲೆ ಬಾಗಿಲು ಹಾಕಿಕೊಂಡು ಕೂತವಳು. ಈ ಸಲ, “ಗಟ್ಟಿ ಮಾಡ್ಕಂಡು ಹೇಳವ್ವ” ಎಂದಳು, ಅಷ್ಟೇ.

ಮದುವೆಗೆ ನಿಮ್ಮನ್ನು ಕರೆಯುವುದು ಬೇಡ ಎಂದದ್ದು ನಾನಲ್ಲ, ನಚಿಕೇತ. “ಆ ಥರ ಜನ ನಮ್ಮ ಮದುವೇಲಿ ಬೇಡ” ಎಂದ.

ನಿಮ್ಮ ಮಗನ ಮಾತನ್ನು ನಿಮಗೆ ತಲುಪಿಸಿದ್ದೇನೆ.

ಗಗನಾ

*

ಪ್ರಿನ್ಸ್‌ಟನ್
ಡಿಸೆಂಬರ್ ೩, ೨೦೨೪

ಗಗನಾ,

‘ಆ ಥರ ಜನ.’ ನಿನ್ನ ಕಾಗದವನ್ನು ಮಡಿಸಿಟ್ಟು, ತೆಗೆದು, ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ನಾನು ಸುಮ್ಮನಿರಬೇಕೆಂದೇ ಇದ್ದೆ. ಅಂದು ಸಭೆಯಲ್ಲೂ ಸುಮ್ಮನಿದ್ದೆ. ಇನ್ನು ಆಗುವುದಿಲ್ಲ. ನಿನ್ನ ಮೇಲಿನ ಪ್ರೀತಿಯಿಂದ ಹೇಳುತ್ತಿದ್ದೇನೆ ಎಂದರೆ ನೀನು ನಂಬಬೇಕಾಗಿಲ್ಲ. ಸಿಟ್ಟಿನಿಂದ ಹೇಳುತ್ತಿದ್ದೇನೆ.

ನಾನು ನಿನ್ನನ್ನು ಊಟಕ್ಕೆ ಕರೆದ ದಿನ ನಚಿಕೇತ ಮನೆಯಲ್ಲೇ ಇದ್ದ. ಮೇಲಿನ ರೂಮಿನಲ್ಲಿ.

ಅದಕ್ಕೆ ಹಿಂದಿನ ವಾರ ಅವನೇ ನನ್ನ ಹತ್ತಿರ ಬಂದು ಕೂತ. “ಅಮ್ಮಾ, ಐ ಕಾಂಟ್ ಡೂ ದಿಸ್. ಅವಳು ಓಕೆ. ಆದ್ರೆ ಅವಳ ಫ್ಯಾಮಿಲಿ, ನಮ್ಮ ಅಜ್ಜಿ ಎದುರಿಗೆ, ಎಲ್ಲರ ಎದುರಿಗೆ… ನನ್ನ ಕೈಲಿ ಹೇಳಕ್ಕಾಗಲ್ಲ. ನೀನೇ ಹೇಳಿಬಿಡು ಪ್ಲೀಸ್. ನೀನು ಹೇಳಿದ್ರೆ ಅವಳು ಕೇಳ್ತಾಳೆ” ಎಂದ. ಶಿವಪ್ರಸಾದನ ಕಥೆಯನ್ನು ಕಟ್ಟಿದವನೂ ಅವನೇ. ಸ್ನೇಹಿತರು ಕೇಳಿದಾಗ ಏನಾದರೂ ಹೇಳಬೇಕಿತ್ತಲ್ಲ. ಅದು ನನಗೂ ಆಮೇಲೆ ಗೊತ್ತಾಯಿತು.

ಇದನ್ನು ಹೇಳಿ ನಾನು ಜಾರಿಕೊಳ್ಳುತ್ತಿಲ್ಲ. ಅವನು ಕೇಳಿದಾಗ ನಾನು ಬೈಯಬಹುದಿತ್ತು. ಬೈಯಲಿಲ್ಲ. ನನಗೆ ಹಾಯೆನಿಸಿತು. ನಿನಗೆ ಹೇಳಿದ ಒಂದೊಂದು ಮಾತನ್ನೂ ನಾನೇ ಯೋಚಿಸಿ ಆರಿಸಿದ್ದು. ಡಿಶ್‌ವಾಷರ್ ಕೆಟ್ಟಿರಲಿಲ್ಲ.

ಆದರೆ ಅಂದು ಸಭೆಯಲ್ಲಿ ಅವನು ಎದ್ದು ನಿಂತು, ಕಣ್ಣಲ್ಲಿ ನೀರು ತಂದುಕೊಂಡು, ನನಗೆ ನಾಚಿಕೆಯಾಗುತ್ತದೆ ಎಂದಾಗ ನಾನು ಏನೂ ಹೇಳಲಿಲ್ಲ. ತಾಯಿಯಲ್ಲವೇ, ಹೊತ್ತುಕೊಂಡೆ. ಈಗ ಅವನೇ ನನ್ನನ್ನು ‘ಆ ಥರ ಜನ’ ಎಂದು ನಿನ್ನ ಹತ್ತಿರ ಹೇಳಿ ನಿನ್ನ ಕೈ ಹಿಡಿಯಲು ಹೊರಟಿದ್ದಾನೆ. ಅದನ್ನು ನನ್ನಿಂದ ಸಹಿಸಲಾಗುತ್ತಿಲ್ಲ.

ನಂಬದಿದ್ದರೆ ಅವನನ್ನೇ ಕೇಳು.

ನಿರುಪಮಾ

*

ಜರ್ಸಿ ಸಿಟಿ
ಡಿಸೆಂಬರ್ ೧೬, ೨೦೨೪

ನಿರುಪಮಾ ಅವರಿಗೆ,

ಕೇಳಿದೆ.

ನಿಮ್ಮ ಕಾಗದ ಓದಿದಾಗ ಇದು ಇನ್ನೊಂದು ಆಟ ಎಂದುಕೊಂಡೆ. ಮಗನನ್ನು ಕಳೆದುಕೊಳ್ಳುವ ಹೆದರಿಕೆಗೆ ಕಥೆ ಹೆಣೆದಿದ್ದೀರಿ ಎಂದು. ಶನಿವಾರ ಅವನು ಬಂದಾಗ ನದಿಯ ದಂಡೆಗೆ ಕರೆದುಕೊಂಡು ಹೋದೆ. ಕಿವಿ ಕಿತ್ತುಹೋಗುವಂಥ ಗಾಳಿ. ಎದುರಿಗೆ ಮ್ಯಾನ್‌ಹಟನ್ ಮಂಜಿನಲ್ಲಿ ಅರ್ಧ ಮುಚ್ಚಿತ್ತು.

“ನಿಮ್ಮಮ್ಮ ನನ್ನನ್ನ ಊಟಕ್ಕೆ ಕರೆದ ದಿನ ನೀನೆಲ್ಲಿದ್ದೆ?” ಎಂದೆ.

“ವಾಟ್ ಡಸ್ ಇಟ್ ಮ್ಯಾಟರ್ ನೌ?”

“ಎಲ್ಲಿದ್ದೆ?”

“ಗಗನಾ, ಐ ವಾಸ್ ನಾಟ್ ರೆಡಿ ದೆನ್. ಇಟ್ ವಾಸ್ ಕಾಂಪ್ಲಿಕೇಟೆಡ್.”

“ಮೇಲಿನ ರೂಮಲ್ಲಿದ್ದೆಯಾ?”

ಅವನು ನೀರಿನ ಕಡೆ ತಿರುಗಿದ. ಆಮೇಲೆ, “ಅಮ್ಮ ಹೇಳಿದ್ಲಾ?” ಎಂದ.

ನನಗೆ ಅಷ್ಟು ಸಾಕಾಗಿತ್ತು. ಅವನು ಅತ್ತ. ಚೆನ್ನಾಗಿ ಅಳುತ್ತಾನೆ ನಿಮ್ಮ ಮಗ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ನಿಂತು, ಅವನು ಸರಿಯಾಗಿದ್ದಾನಾ ಎಂದು ವಿಚಾರಿಸಿದಳು. ನನ್ನನ್ನು ಕೇಳಲಿಲ್ಲ.

ಮನೆಗೆ ಬಂದು ‘ಹಿತ್ತಿಲ ಕದ’ದ ಕೊನೆಯ ಅಧ್ಯಾಯಗಳನ್ನು ಮತ್ತೆ ಓದಿದೆ. ಇಷ್ಟು ವರ್ಷ ನಮಗೆ ಕಾಣದೇ ಹೋದದ್ದೇನು ಗೊತ್ತೇ? ಚಿಕ್ಕಸಿದ್ದಿ ಊರು ಬಿಟ್ಟು ಹೋಗುವುದಕ್ಕೆ ಕಾದಂಬರಿಕಾರರು ಕೊಟ್ಟದ್ದು ಒಂದು ಪ್ಯಾರಾ. ಶೇಷಗಿರಿ ಹೊಳೆಯ ದಂಡೆಯಲ್ಲಿ ಕೂತು ಅಳುವುದಕ್ಕೆ ಮೂರು ಅಧ್ಯಾಯ. ತಾಯಿಯನ್ನು ಕೆಟ್ಟವಳನ್ನಾಗಿ ಮಾಡಿದರು, ಮಗನನ್ನು ಅಳಿಸಿದರು. ಓದಿದವರೆಲ್ಲ ಅವನ ಜೊತೆ ಅತ್ತರು. ಓದು ಬಂದ ಗಂಡಸು, ಹುಡುಗಿಗೆ ಅಕ್ಷರ ಕಲಿಸಿದವನು, ಗಾಡಿ ಹೊರಡುವಾಗ ಎಲ್ಲಿದ್ದ? ಒಂದು ಮಾತು ಆಡಬಹುದಿತ್ತಲ್ಲ? ಎಂದು ಕಾದಂಬರಿ ಕೇಳುವುದೇ ಇಲ್ಲ. ಅಂದಿನ ಕಾಲ ಆ ಪುಸ್ತಕದಲ್ಲಿ ಕಾಣುವುದು ಬಾವಿಯ ಜಗಳದಲ್ಲಷ್ಟೇ ಅಲ್ಲ, ಲೇಖಕರು ಯಾರಿಗಾಗಿ ಕಣ್ಣೀರು ಸುರಿಸಿದರು ಎಂಬುದರಲ್ಲೂ ಕಾಣುತ್ತದೆ. ಪ್ರಿನ್ಸ್‌ಟನ್ನಿನ ಸಭೆಯೂ ಅದನ್ನೇ ಮಾಡಿತು. ನಾನು ಹೇಳಿದೆ, ಅವನಿಗೆ ಚಪ್ಪಾಳೆ ಬಿತ್ತು.

ಸಭೆಯಲ್ಲಿ ನಿಮ್ಮ ಬಗ್ಗೆ ಆಡಿದ್ದರಲ್ಲಿ ಒಂದು ಮಾತನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ನಿಮಗೆ ಸಲ್ಲಬೇಕಾದದ್ದೇ. ಅವನಿಗೆ ಸಲ್ಲಬೇಕಾದದ್ದು ಬಾಕಿಯಿದೆ.

ಆ ವಿಡಿಯೊ ನೋಡಿ ಹಿಕ್ಸ್‌ವಿಲ್‌ನ ಕನ್ನಡದವರು ಮಾರ್ಚ್‌ನಲ್ಲಿ ಅವನನ್ನು ಭಾಷಣಕ್ಕೆ ಕರೆದಿದ್ದಾರೆ. ‘ಕಾದಂಬರಿ ಮತ್ತು ಅದರ ಕಾಲ: ಹೊಸ ತಲೆಮಾರಿನ ದನಿ.’ ಅವನು ಒಪ್ಪಿಕೊಂಡಿದ್ದಾನೆ, ನದಿಯ ದಂಡೆಯ ಮಾತಿನ ನಂತರವೂ. ನೀವು ಆ ಸಭೆಗೆ ಹೋಗಿ, ಎದ್ದು ನಿಂತು, ನನಗೆ ಬರೆದದ್ದನ್ನು ಎಲ್ಲರ ಎದುರು ಹೇಳಬೇಕು. ನಾನು ಹೇಳಿದರೆ ಅವನು ಬಿಟ್ಟ ಹುಡುಗಿಯ ಹೊಟ್ಟೆಕಿಚ್ಚು ಎನ್ನುತ್ತಾರೆ. ತಾಯಿ ಹೇಳಿದರೆ ಯಾರೂ ಹಾಗೆ ಅನ್ನುವುದಿಲ್ಲ.

ಗಗನಾ

*

ಪ್ರಿನ್ಸ್‌ಟನ್
ಜನವರಿ ೧೦, ೨೦೨೫

ಗಗನಾ,

ಆಗುವುದಿಲ್ಲ.

ನಿನಗೆ ಹೇಳಿದ್ದು ಬೇರೆ, ಊರಿಗೆ ಸಾರುವುದು ಬೇರೆ. ಅವನು ತಪ್ಪು ಮಾಡಿದ್ದಾನೆ. ಆದರೂ ನಾನು ಹೆತ್ತ ಮಗ. ಅವನ ಮುಖಕ್ಕೆ ಮಸಿ ಬಳಿ ಎಂದು ಒಬ್ಬ ತಾಯಿಯನ್ನು ಕೇಳಬೇಡ. ನಾನು ಅವನನ್ನು ಕರೆದು ಮಾತಾಡಿದೆ. “ಲೆಟ್ ಇಟ್ ಗೋ ಅಮ್ಮಾ, ಪ್ಲೀಸ್, ಎಲ್ಲರೂ ಮುಂದೆ ಹೋಗೋಣ” ಎಂದ. ದಿವಾಕರರೂ ಅದನ್ನೇ ಹೇಳುತ್ತಾರೆ.

ನನ್ನನ್ನು ಎಷ್ಟು ಬೇಕಾದರೂ ಶಿಕ್ಷಿಸು. ಈಗಾಗಲೇ ಶಿಕ್ಷಿಸಿದ್ದೀಯೆ. ಓದುಗರ ಕೂಟಕ್ಕೆ ಈಗ ಯಾರೂ ಬರುತ್ತಿಲ್ಲ. ಸುಪ್ರಿಯಾ ಅಂಗಡಿಯಲ್ಲಿ ಕಂಡರೆ ಪಕ್ಕದ ಸಾಲಿಗೆ ಸರಿಯುತ್ತಾಳೆ. ಇಷ್ಟು ಸಾಲದೇ?

ನಿರುಪಮಾ

*

ಜರ್ಸಿ ಸಿಟಿ
ಜನವರಿ ೧೯, ೨೦೨೫

ನಿರುಪಮಾ ಅವರಿಗೆ,

ಸಾಲದು.

ತಾಯಿ ತಾಯಿ ಎಂದು ಬರೆಯುತ್ತೀರಿ. ನನಗೂ ಒಬ್ಬ ತಾಯಿಯಿದ್ದಾಳೆ. ಅಕ್ಕಮ್ಮ ಎಂದು ಹೆಸರು. ನಿಮ್ಮ ಯಾವ ಕಾಗದದಲ್ಲೂ ಅವಳ ಸುದ್ದಿಯಿಲ್ಲ. ಅವಳಿಗೆ ಮುಜುಗರವಾಗುತ್ತದೆ ಎಂದು ಅವಳ ಪರವಾಗಿ ತೀರ್ಮಾನ ಮಾಡಿದಿರಲ್ಲ, ಅವಳನ್ನು ಒಂದು ಸಲ ಕೇಳಿದ್ದಿರಾ?

ಮೊದಲ ಸಲ ಮದುವೆ ಮುರಿದಾಗ ಅವಳು ನನ್ನನ್ನು ಏನು ಕೇಳಿದಳು ಗೊತ್ತೇ? “ನಾನೇನಾರ ತಪ್ಪು ಮಾತಾಡಿದ್ನಾ ಮಗ, ಪೋನಲ್ಲಿ?” ನಚಿಕೇತನ ಜೊತೆ ವಿಡಿಯೊ ಕಾಲಿನಲ್ಲಿ ಒಮ್ಮೆ ಮಾತಾಡಿದ್ದಳು, ಅದಕ್ಕಾಗಿ ಹೊಸ ಸೀರೆ ಉಟ್ಟಿದ್ದಳು. ತನ್ನ ಮಾತಿನಿಂದಲೇ ಕೆಟ್ಟಿತೆಂದು ಎರಡು ವರ್ಷ ಕೊರಗಿದ್ದಾಳೆ. ಮೊನ್ನೆ ಮತ್ತೆ ಮುರಿದುಬಿತ್ತು ಎಂದಾಗಲೂ ಅದನ್ನೇ ಕೇಳಿದಳು.

ಡಿಸೆಂಬರಿನಲ್ಲಿ ನೀವು ನನಗೆ ನಿಜ ಹೇಳಿದ್ದು ನಿಮಗೆ ನೋವಾದ್ದರಿಂದ. ನಮ್ಮವ್ವನಿಗೆ ನೋವಾದದ್ದಕ್ಕೆ ನೀವು ಏನನ್ನೂ ಹೇಳಿಲ್ಲ.

ಇನ್ನು ನಾನು ಬರೆಯುವುದಿಲ್ಲ. ನಿಮ್ಮಿಷ್ಟ.

ಗಗನಾ

*

ಪ್ರಿನ್ಸ್‌ಟನ್
ಮಾರ್ಚ್ ೧೯, ೨೦೨೫

ಗಗನಾ,

ಶನಿವಾರ ಹಿಕ್ಸ್‌ವಿಲ್‌ಗೆ ಹೋಗಿದ್ದೆ.

ದಿವಾಕರರಿಗೆ ಹೇಳದೆ, ಒಬ್ಬಳೇ ಟ್ರೈನು ಹಿಡಿದು ಹೋದೆ. ಹಿಂದೆ ಬಾಗಿಲ ಹತ್ತಿರ ಕೂತೆ. ಸಭಾಂಗಣ ತುಂಬಿತ್ತು. ನಚಿಕೇತ ಚೆನ್ನಾಗಿ ಮಾತಾಡಿದ. ನನ್ನ ಮುನ್ನುಡಿಯಿಂದಲೇ ಎತ್ತಿಕೊಂಡು, ‘ಮುಗಿದುಹೋದ ಕಾಲ’ ಎಂಬ ಮಾತನ್ನು ತರಾಟೆಗೆ ತೆಗೆದುಕೊಂಡ. ಕಾದಂಬರಿಯ ಕಾಲ ನಮ್ಮ ಮನೆಗಳಲ್ಲಿ ಇನ್ನೂ ಜೀವಂತವಾಗಿದೆ, ನಾನು ಅದನ್ನು ನನ್ನ ಹೆತ್ತವಳಲ್ಲೇ ಕಂಡೆ ಎಂದ. ಹೇಳುವಾಗ ಮತ್ತೆ ಕಣ್ಣಲ್ಲಿ ನೀರು ತಂದುಕೊಂಡ. ಜನ ಅವನನ್ನು ಎಷ್ಟು ಪ್ರೀತಿಯಿಂದ ನೋಡುತ್ತಿದ್ದರು! ನಾನು ಎದ್ದು ಮನೆಗೆ ಹೋಗಿಬಿಡಬೇಕೆಂದಿದ್ದೆ. ಆಗ ಮುಂದಿನ ಸಾಲಿನಲ್ಲಿ ನಿನ್ನ ತಾಯಿಯ ವಯಸ್ಸಿನ ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು, ಅವನಿಗಾಗಿ. ನನ್ನ ಕೈ ತಾನಾಗಿ ಮೇಲೆದ್ದಿತು.

ಮೈಕ್ ಕೊಟ್ಟರು. “ನಾನು ನಿರುಪಮಾ. ಇವನ ತಾಯಿ” ಎಂದೆ. ಅವನು ವೇದಿಕೆಯಿಂದ, “ಅಮ್ಮಾ, ನಾಟ್ ಹಿಯರ್” ಎಂದ.

“ಇವನು ಹೇಳಿದ್ದೆಲ್ಲ ನಿಜ. ನಾನು ಅಂಥವಳೇ. ಆದ್ರೆ ಆ ಹುಡುಗಿಗೆ ಬೇಡ ಅಂತ ಹೇಳು ಅಂತ ನನ್ನನ್ನ ಕೇಳಿದ್ದು ಇವನು. ನಾನು ಹೇಳೋವಾಗ ಮೇಲೆ ರೂಮಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ. ಅವಳ ತಮ್ಮನ ಜೊತೆಗೇ ಅವಳ ಮದುವೆ ಆಯ್ತು ಅಂತ ಸುಳ್ಳು ಹಬ್ಬಿಸಿದ್ದೂ ಇವನೇ. ಆ ಹುಡುಗಿಯ ತಾಯಿ, ಅಕ್ಕಮ್ಮ ಅಂತ, ತನ್ನಿಂದ ತಪ್ಪಾಯ್ತು ಅಂತ ಕೊರಗ್ತಿದಾರೆ. ಅವರದ್ದೇನೂ ತಪ್ಪಿಲ್ಲ. ತಪ್ಪು ನಮ್ಮಿಬ್ಬರದು.”

ಚಪ್ಪಾಳೆ ಬೀಳಲಿಲ್ಲ. ಸುಳ್ಳು ಎಂದು ಅವನು ಹೇಳುವನೇನೋ ಎಂದು ನಾನು ಕಾದೆ. ಹೇಳಲಿಲ್ಲ. ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಪಕ್ಕದ ಬಾಗಿಲಿನಿಂದ ಹೋದ. ನನ್ನ ಪಕ್ಕದಲ್ಲೇ ಹಾದುಹೋಗಬಹುದಿತ್ತು, ಹಾಗೆ ಹೋಗಲಿಲ್ಲ.

ಮರುದಿನ ಒಂದೇ ಸಾಲಿನ ಮೆಸೇಜು ಬಂತು. ಇನ್ನು ಮುಂದೆ ತನಗೆ ಫೋನ್ ಮಾಡಬೇಡ ಎಂದು. ದಿವಾಕರ ಅವನ ಹತ್ತಿರ ಬಾಸ್ಟನ್‌ಗೆ ಹೋಗಿದ್ದಾರೆ, ಯಾವಾಗ ಬರು­ತ್ತಾರೋ ಹೇಳಿಲ್ಲ. ಪ್ರಕಾಶಕರಿಗೆ ನನ್ನ ಮುನ್ನುಡಿಯನ್ನು ಮುಂದಿನ ಮುದ್ರಣದಿಂದ ತೆಗೆದುಹಾಕಲು ಬರೆದಿದ್ದೇನೆ.

ಸಭೆಯಲ್ಲಿ ನಿನ್ನನ್ನು ಹುಡುಕಿದೆ. ನೀನು ಬರುತ್ತೀಯೆ, ನೋಡುತ್ತೀಯೆ ಎಂದುಕೊಂಡಿದ್ದೆ. ಅಷ್ಟೆಲ್ಲ ಕೇಳಿದವಳು ಯಾಕೆ ಬರಲಿಲ್ಲ?

ನನ್ನನ್ನು ಕ್ಷಮಿಸು ಗಗನಾ. ಒಮ್ಮೆ ನಿನ್ನ ಮನೆಗೆ ಬರಲೇ? ನಿನ್ನ ತಾಯಿಯ ಹತ್ತಿರ ಫೋನಿನಲ್ಲಾದರೂ ಮಾತಾಡಲೇ?

ನಿರುಪಮಾ

*

ಜರ್ಸಿ ಸಿಟಿ
ಏಪ್ರಿಲ್ ೨, ೨೦೨೫

ನಿರುಪಮಾ ಅವರಿಗೆ,

ಹಿಕ್ಸ್‌ವಿಲ್‌ನ ವಿಡಿಯೊ ನನಗೂ ಬಂತು. ವಿಡಿಯೊ ಕಾಲಿನಲ್ಲಿ ಅವ್ವನಿಗೆ ತೋರಿಸಿದೆ. ನಿಮ್ಮ ಬಾಯಿಂದ ತನ್ನ ಹೆಸರು ಕೇಳಿ, “ಇನ್ನೊಂದ್ಸಲ ಹಾಕು” ಎಂದಳು. ಹಾಕಿದೆ. ಅಪ್ಪ ಪಕ್ಕದಲ್ಲೇ ಕೂತಿದ್ದ. “ಎಲ್ಲಾರ ಮುಂದೇನೆ ಹೇಳ್ಬುಟ್ಳಾ ಆ ಯಮ್ಮ? ಮಗನ್ನೂ ಕಳಕಂಡ್ಲಲ್ಲ ಪಾಪ” ಎಂದ. ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಅವನಷ್ಟು ಒಳ್ಳೆಯವಳು ನಾನಲ್ಲ. ಟ್ರೈನಿಗೆ ಕಾಯುತ್ತ ನೀವೊಬ್ಬರೇ ನಿಂತಿದ್ದುದನ್ನು ಯೋಚಿಸಿದೆ, ಪಾಪ ಅನ್ನಿಸಲಿಲ್ಲ.

ಅವ್ವನ ಜೊತೆ ಮಾತಾಡಬೇಡಿ. ನಿಮ್ಮ ಜೊತೆ ಮಾತಾಡಬೇಕೆಂದು ಅವಳು ಕೇಳಿಲ್ಲ. ಕೇಳಿದ ದಿನ ನಾನೇ ನಂಬರು ಕೊಡುತ್ತೇನೆ. ನನ್ನ ಮನೆಗೂ ಬರಬೇಡಿ.

ನಚಿಕೇತ ಉದ್ದನೆಯ ಇಮೇಲ್ ಕಳಿಸಿದ್ದಾನೆ. ತನ್ನನ್ನು ಯಾರೂ ಅರ್ಥ ಮಾಡಿಕೊಳ್ಳುತ್ತಿಲ್ಲವಂತೆ. ಅರ್ಧ ಓದಿ ಅಳಿಸಿದೆ.

ನಾನು ಯಾಕೆ ಬರಲಿಲ್ಲ ಎಂದು ಕೇಳಿದ್ದೀರಿ. ನಾನು ಅಲ್ಲಿ ಕೂತಿದ್ದರೆ ನೀವು ಮಾತಾಡುವಾಗ ಜನರೆಲ್ಲ ತಿರುಗಿ ನನ್ನ ಮುಖ ನೋಡುತ್ತಿದ್ದರು. ಅಳುತ್ತಾಳೋ, ನಗುತ್ತಾಳೋ, ಕ್ಷಮಿಸುತ್ತಾಳೋ ಎಂದು. ಅಂದು ಅವರು ನೋಡಬೇಕಾಗಿದ್ದದ್ದು ನಿಮ್ಮಿಬ್ಬರ ಮುಖವನ್ನು. ಅದಕ್ಕೇ ಬರಲಿಲ್ಲ.

ಕ್ಷಮೆ ಕೇಳಿದ್ದೀರಿ. ಕೇಳಿಸಿಕೊಂಡಿದ್ದೇನೆ.

ಗಗನಾ